ಪ್ಲಾಸ್ಟಿಕ್ ತೆಗೆಯತಕ್ಕದ್ದಲ್ಲ

ದುಬೈಯ ಅಲ್ ಮುರಕ್ಕಬಾತ್ ಕನ್ನಡ ಬಳಗದ ಗ್ರಂಥಾಲಯದಲ್ಲಿರುವ ಸಮಸ್ತ ಪುಸ್ತಕಗಳೂ ಹೊಚ್ಚ ಹೊಸ ಸ್ಥಿತಿಯಲ್ಲಿದ್ದು, ಅವುಗಳಲ್ಲಿ ಒಂದನ್ನೂ ಈವರೆಗೆ ಯಾರೂ ಓದಿರುವುದಿಲ್ಲವೆಂದು ಬಳಗದ ಕಾರ್ಯದರ್ಶಿಯಾದ ಇಗ್ನೇಶಿಯಸ್ ಎಂಬ ನಾನು ಸಂತೋಷದಿಂದ ದೃಢೀಕರಿಸುತ್ತೇನೆ. ಬೇರೆ ಸಂಘದವರು ಬೇಕಾದರೆ ಬಂದು ನೋಡಬಹುದು. ಮುಟ್ಟಲಿಕ್ಕಿಲ್ಲ.

ಈ ಗ್ರಂಥಾಲಯ ಹುಟ್ಟಿದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ, ಬಸವ್ವನವರ ಬಲಗೈಯಿಂದ. ಬಸವ್ವ ಎಂದರೆ ನಮ್ಮ ಸದಸ್ಯರೂ ಸಿವಿಲ್ ಇಂಜಿನಿಯರೂ ಆದ ಅಣ್ಣಾಸಾಹೇಬರ ತಾಯಿ, ಗೋಕಾಕದ ಕಡೆಯವರು. ಊರಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಬಗ್ಗಲಿಲ್ಲ. ಮಗ ವಿಸಿಟ್ ವೀಸಾ ತೆಗೆಸಿ ಚಿಕಿತ್ಸೆಗೆಂದು ಕರೆತಂದರು. ಮುದುಕಿಗೆ ಕೈಯ ನೋವಿಗಿಂತ ಮಗ ದಿನಾ ಅಂಗಡಿಯ ಕುಬೂಸ್ ಎಂಬ ಅರಬ್ಬೀ ರೊಟ್ಟಿ ಹರಿದು ತಿನ್ನುವುದನ್ನು ನೋಡುವುದೇ ದೊಡ್ಡ ಸಂಕಟವಾಗಿತ್ತು. ಸೊಸೆ ಮೈಸೂರಿನವರು, ಕೆಲಸಕ್ಕೆ ಹೋಗುವವರು. ಜೋಳದ ರೊಟ್ಟಿ ಅವರ ಕೈಗೆ ಒಲಿದಿರಲಿಲ್ಲ.

"ವೀಸಾ ಮುಗಿಯೂದ್ರಾಗ ಒಮ್ಮೆರ ನನ್ ಕೈಯ್ಯಾಗಿನ ಬಿಸಿ ರೊಟ್ಟಿ ತಿನ್ಸಬೇಕೋ ತಮ್ಮಾ," ಎಂದು ಅವರು ನನ್ನ ಹತ್ತಿರ ಹೇಳಿದರು. "ಅದಕ್ಕ ಬಂದೀನಿ. ನಿಮ್ಮ ದುಬೈ ನೋಡಾಕ ಯಾರ್ ಬಂದಾರ?"

ಫಿಸಿಯೋಥೆರಪಿಸ್ಟ್ ವೆರೋನಿಕಾ ನಮ್ಮ ಉಡುಪಿಯ ಹುಡುಗಿ. ಮೊದಲು ಹಿಸುಕಲಿಕ್ಕೆ ರಬ್ಬರ್ ಚೆಂಡು ಕೊಟ್ಟಳು. ಬಸವ್ವ ಅದನ್ನು ಪಕ್ಕದ ಫ್ಲಾಟಿನ ಮಗುವಿಗೆ ಕೊಟ್ಟುಬಿಟ್ಟರು. ಆಗ ವೆರೋನಿಕಾ, "ಕಾಗದ ಮಡಚಲಿ. ಜಪಾನಿನವರು ಒರಿಗಾಮಿ ಅಂತ ಮಾಡ್ತಾರಲ್ಲ, ಹಕ್ಕಿ, ದೋಣಿ ಎಲ್ಲ, ಅದು ಬೆರಳಿಗೆ ಭಾರಿ ಒಳ್ಳೇದು. ಒಂದು ಪುಸ್ತಕ ತರಿಸಿ," ಎಂದಳು.

ಅಣ್ಣಾಸಾಹೇಬರು ಎಲ್ಲ ಅಂಗಡಿ ಸುತ್ತಿದರು. ಒರಿಗಾಮಿ ಪುಸ್ತಕ ಕೇಳಿದರೆ ಎಲ್ಲ ಕಡೆ ಅರಬ್ಬಿಯಲ್ಲಿ ಒಂದೇ ಉತ್ತರ: ಮಾಫಿ, ಇಲ್ಲ. ಕೊನೆಗೆ ಬಳಗಕ್ಕೆ ಅರಿಕೆ ಮಾಡಿಕೊಂಡರು. ಬಳಗದಲ್ಲಿ ಗ್ರಂಥಾಲಯ ನಿಧಿ ಎಂಬುದೊಂದಿತ್ತು, ಗ್ರಂಥಾಲಯ ಇರಲಿಲ್ಲ. ಅಧ್ಯಕ್ಷರಾದ ಜುವಾಕಿಂ ಅವರಿಗೆ ಇದು ಬಹಳ ದಿನಗಳಿಂದ ಚುಚ್ಚುತ್ತಿತ್ತು.

ಜುವಾಕಿಂ ಅವರ ಪರಿಚಯ ಅಗತ್ಯ. ಅವರು ದೊಡ್ಡ ಹೋಟೆಲೊಂದರ ಪರ್ಚೇಸ್ ಆಫೀಸರ್. ಅವರ ಮನೆಯ ಸೋಫಾಕ್ಕೆ ಅಂಗಡಿಯವನು ಹೊದಿಸಿದ ಪ್ಲಾಸ್ಟಿಕ್ ಇನ್ನೂ ಇದೆ. ಕೂತರೆ ಸದ್ದು ಬರುತ್ತದೆ, ಎದ್ದರೆ ಪ್ಯಾಂಟ್ ಸಮೇತ ಮೇಲೆ ಬರುತ್ತದೆ. ಟಿವಿ ರಿಮೋಟಿಗೆ ಪ್ಲಾಸ್ಟಿಕ್, ಕಾರಿನ ಸೀಟಿಗೆ ಪ್ಲಾಸ್ಟಿಕ್, ಫ್ರಿಜ್ಜಿನ ಮೇಲೆ ಕಂಪನಿಯ ಸ್ಟಿಕ್ಕರ್. ಊರಿಗೆ ಒಯ್ಯುವಾಗ ಹೊಸದಾಗಿರಬೇಕು ಎಂಬುದು ನಮ್ಮ ಗಲ್ಫಿನವರೆಲ್ಲರ ನಂಬಿಕೆ. ಅವರು ಅದನ್ನು ಶಿಸ್ತಿನಿಂದ ಪಾಲಿಸುತ್ತಾರೆ, ಅಷ್ಟೆ.

"ಮೂರು ದೇಶದ ಕೊಟೇಶನ್ ಬೇಕು," ಎಂದು ಅವರು ಸಭೆಯಲ್ಲಿ ಅಪ್ಪಣೆ ಕೊಟ್ಟರು. "ಮೂರು ಕೊಟೇಶನ್ ಇಲ್ಲದೆ ನಾನು ಹೋಟೆಲಿಗೆ ಟಿಶ್ಯೂ ಪೇಪರ್ ಸಹ ತೆಗೆದವನಲ್ಲ."

ಜಪಾನ್, ಇಂಗ್ಲೆಂಡ್, ಅಮೆರಿಕದ ಪುಸ್ತಕ ವ್ಯಾಪಾರಿಗಳಿಗೆ ಫ್ಯಾಕ್ಸ್ ಹೋಯಿತು. "ಲಾಸ್ಟ್ ಪ್ರೈಸ್ ಎಷ್ಟು?" ಎಂದು ಅಧ್ಯಕ್ಷರು ದೇರಾ ಮಾರ್ಕೆಟ್ಟಿನ ಪದ್ಧತಿಯಂತೆ ಬರೆಸಿದರು. ಜಪಾನಿನವನು ತಮ್ಮ ಆಸಕ್ತಿಗೆ ವಂದನೆಗಳು ಎಂದು ಉತ್ತರಿಸಿ ಅದೇ ಬೆಲೆಯನ್ನು ಮತ್ತೊಮ್ಮೆ ಬರೆದ. ಇಷ್ಟು ಮರ್ಯಾದೆಯಿಂದ ನಮಗೆ ಯಾರೂ 'ಇಲ್ಲ' ಎಂದಿರಲಿಲ್ಲ. ಅವನಿಗೇ ಆರ್ಡರ್ ಹೋಯಿತು.

ಇದೆಲ್ಲವನ್ನೂ ಸದಸ್ಯರಿಗೆ ತಿಳಿಸಬೇಕಲ್ಲ? ಆಗ ಹೆಚ್ಚಿನವರಿಗೆ ಇಮೇಲ್ ಇರಲಿಲ್ಲ. ಜುವಾಕಿಂ ಅವರ ಹೋಟೆಲಿನ ಜೆರಾಕ್ಸ್ ಮಿಷಿನಿನಿಂದ ಸುತ್ತೋಲೆಗಳ ಕಟ್ಟು ಬಂತು. ಸಭೆಗಳು ನಡೆಯುತ್ತಿದ್ದುದು ಅಣ್ಣಾಸಾಹೇಬರ ಫ್ಲಾಟಿನ ಹಾಲಿನಲ್ಲಿ. ಮೂಲೆಯಲ್ಲಿ ಬಸವ್ವ ಕುಳಿತಿದ್ದರು.

"ಅಮ್ಮ ಹೇಗೂ ಸುಮ್ಮನೆ ಕೂತಿದ್ದಾರೆ. ಇದನ್ನು ಮಡಚಿ ಲಕೋಟೆಗೆ ಹಾಕಲಿ," ಎಂದು ಅಧ್ಯಕ್ಷರು ಕಟ್ಟನ್ನು ಅವರ ಮಡಿಲಿಗಿಟ್ಟರು.

ಆ ಸಲದ ಸುತ್ತೋಲೆಗಳು ಮುದ್ದೆಯಾಗಿ ತಲುಪಿದವು. ಹಲವರು ದೂರಿದರು. ದೂರುಗಳನ್ನು ಪರಿಶೀಲಿಸಲಾಗಿದೆ ಎಂದು ಇನ್ನೊಂದು ಸುತ್ತೋಲೆ ಹೊರಡಿಸಿದೆವು. ಅದನ್ನೂ ಬಸವ್ವನವರೇ ಮಡಚಿದರು.

ಪುಸ್ತಕ ಬಂತು. ಎಂಥ ಪುಸ್ತಕ ಮಾರಾಯ್ರೆ! ಮುಖಪುಟದಲ್ಲಿ ಕೆಂಪು ಕೊಕ್ಕರೆ, ಮೇಲೆ ಬಿಗಿಯಾಗಿ ಮೈಗಂಟಿದ ಪ್ಲಾಸ್ಟಿಕ್, ಒಂದು ಗಾಳಿಗುಳ್ಳೆ ಸಹ ಇಲ್ಲ. ಅಣ್ಣಾಸಾಹೇಬರು ಉಗುರಿನಿಂದ ಅಂಚು ಕೆರೆಯಲು ಹೋದರು.

"ನಿಲ್ಲಿ!" ಎಂದರು ಜುವಾಕಿಂ. "ಉದ್ಘಾಟನೆ ಆಗ್ಲಿಕ್ಕುಂಟು. ನಾವಿರುವುದೇ ಫಾರಿನ್. ಇದು ಫಾರಿನ್ನಿಗೂ ಫಾರಿನ್ನಿನಿಂದ ಬಂದ ಮಾಲು. ಹಾಗೆ ಬಾಳೆಹಣ್ಣಿನ ಹಾಗೆ ಸುಲಿಯುವುದಾ?"

ಉದ್ಘಾಟನೆ ವಿಜೃಂಭಣೆಯಿಂದ ಜರುಗಿತು. ಪ್ಲಾಸ್ಟಿಕ್ಕಿನ ಮೇಲೆ ರಿಬ್ಬನ್ ಕಟ್ಟಿದ್ದೆವು. ಮುಖ್ಯ ಅತಿಥಿಗಳು ರಿಬ್ಬನನ್ನು ಮಾತ್ರ ಬಹಳ ಜಾಗರೂಕತೆಯಿಂದ ಕತ್ತರಿಸಿದರು. ಮರುದಿನ ಈ ಪ್ರಕಟಣೆ ಹೊರಬಿತ್ತು:

"ಬಳಗದ ಗ್ರಂಥವು ಉದ್ಘಾಟಿತ ಪ್ರತಿಯಾಗಿರುವುದರಿಂದ ಅದರ ಪ್ಲಾಸ್ಟಿಕ್ ತೆಗೆಯತಕ್ಕದ್ದಲ್ಲ. ಓದಲಿಚ್ಛಿಸುವವರು ಮುಖಪುಟವನ್ನು ಓದಬಹುದು. ಹಿಂಬದಿಯನ್ನು ಓದಲು ಕಾರ್ಯದರ್ಶಿಯ ಅನುಮತಿ ಅಗತ್ಯ."

"ಒಮ್ಮೆ ತೆರದು ತೋರ್ಸ್ರಿ ಸಾಕು," ಎಂದು ಅಣ್ಣಾಸಾಹೇಬರು ಕೈ ಮುಗಿದರು. "ನಮ್ಮವ್ವನ ವೀಸಾ ಓಡಾಕತ್ತೇತ್ರಿ. ಕೈ ಹಿಂಗ ಉಳದ್ರ ಏನ್ ಮಾಡ್ಲಿ?"

ಅವರ ಮಗಳು ಪ್ರತೀಕ್ಷಾ, ಇಲ್ಲೇ ಹುಟ್ಟಿ ಬೆಳೆದವಳು, "ಜಸ್ಟ್ ಓಪನ್ ಇಟ್, ಅಂಕಲ್!" ಎಂದಳು. ಮಕ್ಕಳಿಗೆ ಮತದಾನದ ಹಕ್ಕಿಲ್ಲವೆಂದು ನಡಾವಳಿಯಲ್ಲಿ ದಾಖಲಿಸಿದೆ.

ಆದರೆ ಬಳಗ ಕಟುಕರ ಬಳಗವಲ್ಲ. ಓದುವ ಪ್ರತಿ ಎಂದು ಇನ್ನೊಂದನ್ನು ಇಂಗ್ಲೆಂಡಿನಿಂದ ತರಿಸಲು ಒಮ್ಮತದಿಂದ ತೀರ್ಮಾನಿಸಿದೆವು. ಸುತ್ತೋಲೆ ಹೋಯಿತು. ಆ ಪ್ರತಿ ಬಂದಾಗ ಎಲ್ಲರಿಗೂ ಆಶ್ಚರ್ಯ: ದಪ್ಪ ರಟ್ಟು, ಜೊತೆಗೆ ಬಣ್ಣದ ಕಾಗದದ ಕಟ್ಟು, ಎಲ್ಲ ಸೇರಿಸಿ ಮೊದಲಿನದಕ್ಕಿಂತ ಬಿಗಿಯಾದ ಪ್ಲಾಸ್ಟಿಕ್. ಸಾದಾ ಪ್ರತಿಯನ್ನೇ ತೆರೆಯದಿರುವಾಗ ಡೀಲಕ್ಸ್ ಪ್ರತಿಯನ್ನು ತೆರೆಯುವುದು ಯಾವ ನ್ಯಾಯ? ಅದೂ ಕಪಾಟು ಸೇರಿತು.

"ಇದೇನೋ ತಮ್ಮಾ, ಪುಸ್ತಕಕ್ಕ ಅಂಗಿ ತೊಡಿಸೀರಿ, ಬಿಚ್ಚಂಗಿಲ್ಲ ಅಂತೀರಿ," ಎಂದರು ಬಸವ್ವ, ಸುತ್ತೋಲೆಯ ಅಂಚಿಗೆ ಅಂಚು ಕೂಡಿಸುತ್ತ. ಹೆಬ್ಬೆರಳಿನಿಂದ ಗೀರಿ ಮಡಿಕೆ ಕೂರಿಸುತ್ತಿದ್ದರು. ಈಗ ಸುತ್ತೋಲೆಗಳ ಬಗ್ಗೆ ಯಾರೂ ದೂರುತ್ತಿರಲಿಲ್ಲ.

ಅಣ್ಣಾಸಾಹೇಬರ ಮುಖ ನೋಡಲಾರದೆ ನಾನೇ ಸಲಹೆ ಕೊಟ್ಟೆ: ಅಮೆರಿಕದ ವ್ಯಾಪಾರಿ ಹಳೆ ಪುಸ್ತಕ ಮಾರುತ್ತಾನೆ, ಹಳೆಯದಕ್ಕೆ ಪ್ಲಾಸ್ಟಿಕ್ ಇರುವುದಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಸುತ್ತೋಲೆ ಹೋಯಿತು. ಪುಸ್ತಕ ಬಂತು. ನಿಜಕ್ಕೂ ಪ್ಲಾಸ್ಟಿಕ್ ಇರಲಿಲ್ಲ.

ಜುವಾಕಿಂ ಅವರು ಅದನ್ನು ಕರವಸ್ತ್ರದಲ್ಲಿ ಹಿಡಿದು ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು. "ಬಟ್ಟೆ ಇಲ್ಲದೆ ಬಂದಿದೆಯಲ್ಲ ಇಗ್ನೇಶಿಯಸ್. ಇದನ್ನು ಹೇಗೆ ಸದಸ್ಯರ ಎದುರಿಗೆ ತೋರಿಸುವುದು?"

ಅಲ್ ಕೂಜ್‌ನಲ್ಲಿ ನಮ್ಮ ಸದಸ್ಯ ಮಾರ್ಸೆಲ್ ಪ್ಯಾಕಿಂಗ್ ಗೋದಾಮಿನ ಸೂಪರ್‌ವೈಸರ್. ಬಿಸಿ ಗಾಳಿ ಬಿಟ್ಟು ಪ್ಲಾಸ್ಟಿಕ್ ಬಿಗಿ ಮಾಡುವ ಮಿಷಿನ್ ಅವನ ಕೈಕೆಳಗಿದೆ. ಪುಸ್ತಕವನ್ನು ಅಲ್ಲಿಗೆ ಒಯ್ಯುವ ಕೆಲಸ ನನಗೆ ಬಂತು. ಬಾಗಿಲ ತನಕ ಅಣ್ಣಾಸಾಹೇಬರು ಹಿಂದೆಯೇ ಬಂದರು. "ಹೋಗೂಕಿಂತ ಮುಂಚೆ ಒಂದ್ ಪುಟ ನೋಡ್ಲೇನ್ರಿ?"

"ಮೊದಲು ಪ್ಯಾಕ್ ಆಗಿ ಬರಲಿ. ಆಮೇಲೆ ಎಷ್ಟು ಬೇಕಾದರೂ ನೋಡಿ," ಎಂದೆ. ನಿಯಮ ಎಂದರೆ ನಿಯಮ. ಮಾರ್ಸೆಲ್ ಎಂಥ ಕೆಲಸಗಾರನೆಂದರೆ, ಒಂದರ ಮೇಲೊಂದು ಎರಡು ಪದರ ಹೊದಿಸಿ ಕೊಟ್ಟ. ಮೂರರಲ್ಲಿ ಅತ್ಯಂತ ಹೊಸದಾಗಿ ಕಾಣುವುದು ಇಂದಿಗೂ ಆ ಹಳೆಯದೇ.

ವೀಸಾ ಮುಗಿಯುತ್ತ ಬಂತು. ಶುಕ್ರವಾರ ಬೆಳಿಗ್ಗೆ ಸಭೆ ಸೇರಿತ್ತು. ಅಣ್ಣಾಸಾಹೇಬರು ಎದ್ದು, ಇನ್ನು ಪುಸ್ತಕದ ಆಸೆ ಬಿಟ್ಟಿದ್ದೇನೆ, ಅವ್ವನ ಟಿಕೆಟ್ ಕನ್ಫರ್ಮ್ ಆಗಿದೆ, ಎಲ್ಲರಿಗೂ ಧನ್ಯವಾದ ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಪಟಪಟ ಸದ್ದು ಬಂತು.

ಅಣ್ಣಾಸಾಹೇಬರು ಮಾತು ಅರ್ಧಕ್ಕೆ ಬಿಟ್ಟು ಓಡಿದರು. ನಾವೂ ಹೋದೆವು. ಬಸವ್ವ ಕಟ್ಟೆಯ ಮುಂದೆ ನಿಂತು, ಐದು ಬೆರಳೂ ಹಾಯಾಗಿ ಆಡಿಸುತ್ತ, ಜೋಳದ ರೊಟ್ಟಿ ತಟ್ಟುತ್ತಿದ್ದರು. ರೊಟ್ಟಿ ಕೈಕೆಳಗೆ ತಿರುಗುತ್ತ ಅಗಲವಾಗುತ್ತಿತ್ತು. ಆ ದೊಡ್ಡ ಮನುಷ್ಯ ಬಾಗಿಲಲ್ಲೇ ನಿಂತು ಗೊಳೋ ಎಂದು ಅತ್ತುಬಿಟ್ಟರು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

"ಅಳಬ್ಯಾಡೋ ಹುಚ್ಚಾ. ಆರತೈತಿ, ತಿನ್ನು," ಎಂದರು ಬಸವ್ವ.

ಜುವಾಕಿಂ ಅವರು ಒಂದು ರೊಟ್ಟಿ ಮುಗಿಸಿ, ಇನ್ನೊಂದು ಹಾಕಿಸಿಕೊಂಡು, ಗಂಭೀರರಾಗಿ ಘೋಷಿಸಿದರು: "ನೋಡಿದಿರಾ? ತೆರೆಯದೆಯೇ ಇಷ್ಟು ಗುಣ. ಜಪಾನಿನ ಮಾಲು!"

ಸಭೆಗೆ ಬಂದಿದ್ದ ವೆರೋನಿಕಾ ತಡೆಯಲಾರದೆ ಕೂಗಿದಳು. "ಪುಸ್ತಕದಿಂದ ಅಲ್ಲ ಮಾರಾಯ್ರೆ! ನಿಮ್ಮ ಸುತ್ತೋಲೆಯಿಂದ! ಇಷ್ಟು ದಿನ ಅವರು ಮಡಚಿದ್ದು ಅದನ್ನೇ ಅಲ್ವಾ?"

"ಸುತ್ತೋಲೆ ಎಲ್ಲಿಂದ ಬಂದದ್ದು ವೆರೋನಿಕಾ?"

"ನಿಮ್ಮ ಹೋಟೆಲಿನ ಜೆರಾಕ್ಸ್ ಮಿಷಿನಿಂದ."

"ಹೋಟೆಲಿನ ಜೆರಾಕ್ಸಿನಿಂದ ಯಾರಿಗಾದರೂ ಕೈ ಗುಣ ಆದದ್ದುಂಟಾ?"

ವೆರೋನಿಕಾ ಡಿಗ್ರಿ ಮಾಡಿದವಳು. ಆದರೂ ಇನ್ನೊಂದು ರೊಟ್ಟಿಗೆ ತಟ್ಟೆ ಚಾಚಿದಳು. ಖಲಾಸ್.

ಬೀಳ್ಕೊಡುಗೆ ಸಮಾರಂಭದಲ್ಲಿ ಜಪಾನಿನ ಪುಸ್ತಕಕ್ಕೆ ಶಾಲು ಹೊದಿಸಿ ಸನ್ಮಾನಿಸಲಾಯಿತು. ಬಸವ್ವನವರು ಬಂದವರಿಗೆಲ್ಲ ರೊಟ್ಟಿ ತಟ್ಟಿ ಬಡಿಸಿದರು. ಡೀಲಕ್ಸ್ ಪ್ರತಿಯನ್ನು ಬಳಗದ ನೆನಪಿನ ಕಾಣಿಕೆಯಾಗಿ ಅವರಿಗೇ ಕೊಟ್ಟೆವು. "ಇನ್ನರ ಬಿಚ್ಚಲೇನು?" ಎಂದು ಕೇಳಿದರು. ಜುವಾಕಿಂ ಅವರ ಮುಖ ನೋಡಿ, "ಬ್ಯಾಡ ಬಿಡ್ರಿ, ಹೊಸಾದು ಹೊಸಾದಂಗ ಇರಲಿ," ಎಂದು ತಾವೇ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡರು. ಈಗ ಅದು ಊರಿನ ಶೋಕೇಸಿನಲ್ಲಿದೆ. ಓಣಿಯ ಸೊಂಟನೋವಿನವರು, ಮಂಡಿನೋವಿನವರು ಬಂದು ಅದರ ಎದುರು ಸ್ವಲ್ಪ ಹೊತ್ತು ಕೂತು ಹೋಗುತ್ತಾರಂತೆ.

ಸುದ್ದಿ ಹಬ್ಬಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಿಂದಲೂ ಸದಸ್ಯತ್ವಕ್ಕೆ ಅರ್ಜಿ ಬಂದವು. ಮೂರೂ ದೇಶಗಳಿಂದ ಇನ್ನಷ್ಟು ಪುಸ್ತಕ ತರಿಸಿದೆವು. ಆದರೆ ಸುತ್ತೋಲೆಗಳು ಮಡಚುವವರಿಲ್ಲದೆ ರಾಶಿ ಬಿದ್ದವು. ನಾನು ಮಡಚಿದವು ವಾಪಸ್ಸು ಬಂದವು. ಆದಕಾರಣ ಬಸವ್ವನವರಿಗೆ ಪುನಃ ವಿಸಿಟ್ ವೀಸಾ ತೆಗೆಸಲು ಸಭೆ ಸರ್ವಾನುಮತದಿಂದ ಒಪ್ಪಿತು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಅಣ್ಣಾಸಾಹೇಬರು. ಅಷ್ಟರಲ್ಲಾಗಲೇ ಅವರು ಕುಬೂಸಿಗೆ ಮರಳಿದ್ದರು.

ಅರ್ಜಿಯಲ್ಲಿ ಬರುವ ಉದ್ದೇಶ ಬರೆಯಬೇಕಿತ್ತು. ಗೋಕಾಕದ ಕಡೆಗೆ ಫೋನ್ ಹಚ್ಚಿ ಬಸವ್ವನವರನ್ನೇ ಕೇಳಿದೆ. ಅವರು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಿದ್ದರೆಂದು ಕಾಣುತ್ತದೆ. ಹಿಂದಿನಿಂದ ಪಟಪಟ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ಕೈ ಮತ್ತ ಹಿಡಕೊಂಡೈತಿ ಅಂತ ಬರಿಯೋ ತಮ್ಮಾ," ಎಂದರು. "ಬೆರಳು ಒಟ್ಟ ಬಗ್ಗವಲ್ಲವು ಅಂತ ಬರಿ. ನನ್ ಮಗಾ ಉಪವಾಸ ಅದಾನ."

ಹಾಗೆಯೇ ಬರೆದು, ಕಾರ್ಯದರ್ಶಿಯಾಗಿ ಸಹಿ ಮಾಡಿ, ಮೊಹರು ಒತ್ತಿದೆ.