ಮೇಷ್ಟ್ರ ಗಾಜಿನ ತೊಟ್ಟಿ

ಕೊಟ್ಟೂರೇಶ ಡಬ್ಬಿಗೆ ಕೈಹಾಕಿ ಎತ್ತಬಾರದ ಚೀಟಿ ಎತ್ತಿದ. ಕೆ.ಬಿ. ಬಡಾವಣೆಯ ಟ್ಯುಟೋರಿಯಲ್‌ನಲ್ಲಿ ಎಂಟು ವರ್ಷದಿಂದ ಅತಿಥಿ ಉಪನ್ಯಾಸಕನಾಗಿಯೇ ಉಳಿದವನಿಗೆ ಅಂದು ಮಧ್ಯಾಹ್ನ ಮೂರಕ್ಕೆ ಡೆಮೊ ಪಾಠ. ಮಾಲೀಕ ಪಂಚಾಕ್ಷರಪ್ಪ ಮೆಚ್ಚಿದರೆ ನೌಕರಿ ಕಾಯಂ. ಚೀಟಿಯಲ್ಲಿ 'ಧ್ರುವಪ್ರದೇಶದ ಸ್ತರಗೋಳದ ಮೋಡಗಳು: ಗುರುತ್ವ ಅಲೆಗಳ ಪಾತ್ರ' ಎಂದಿತ್ತು.

ಸಹೋದ್ಯೋಗಿ ನಯನಾ ಇಣುಕಿ ನೋಡಿ, "ನಮ್ಮೂರಾಗ ಮಳೆ ಮೋಡಾನೇ ನಿಲ್ಲಲ್ಲ, ಸಾರ್. ನೀವು ಧ್ರುವದ್ದು ತರ್ತೀರಾ?" ಅಂದಳು.

ಆಗ ಅವನಿಗೆ ಹರಿಹರದ ಅಲ್ಲಾಬಕ್ಷ್ ಮೇಷ್ಟ್ರು ನೆನಪಾದರು. ಎಂಟನೇ ತರಗತಿಯಲ್ಲಿ ಅವರು ಉದ್ದನೆಯ ಗಾಜಿನ ತೊಟ್ಟಿಯಲ್ಲಿ ಹೊಳೆಯ ಕಲ್ಲಿಟ್ಟು, ನೀರು ಹರಿಸಿ ಅಲೆ ತೋರಿಸಿದ್ದರು. ಸೀಮೆಸುಣ್ಣ ಮತ್ತು ಒದ್ದೆ ಬೆಂಚಿನ ಆ ವಾಸನೆ ಮೂಗಿಗೆ ಬಂದಂತಾಯಿತು. ಹರಿಹರದ ಬಸ್ಸು ಹತ್ತಿದ.

ಮೇಷ್ಟ್ರ ಮನೆಯಲ್ಲಿ ತೊಟ್ಟಿ ಇನ್ನೂ ಇತ್ತು. ಅವರ ಹೆಂಡತಿ ಖತೀಜಾಬೀ ಅದರ ತುಂಬ ಮಂಡಕ್ಕಿ ಇಟ್ಟಿದ್ದರು. ಅದನ್ನು ಸುರಿಯಲು ಬೇರೆ ಡಬ್ಬ ಹುಡುಕುವಷ್ಟರಲ್ಲಿ ಗಂಟೆ ಒಂದಾಯಿತು. ಮೇಷ್ಟ್ರಿಗೆ ಎಪ್ಪತ್ನಾಲ್ಕು, ದನಿ ಮಾತ್ರ ಹಳೆಯದೇ.

"ಗುಡ್ಡ ಹತ್ತಿಳಿದ ಗಾಳಿ ಮ್ಯಾಲೆ ಸ್ತರಗೋಳದ ತನಕ ಅಲೆ ಎಬ್ಬಿಸ್ತೈತೆ, ಅದೇ ಗುರುತ್ವ ಅಲೆ. ಅಲೆ ಏರಿದಲ್ಲಿ ಗಾಳಿ ಹಿಗ್ಗಿ ಇನ್ನೂ ತಣ್ಣಗಾಗ್ತೈತೆ. ಮೊದ್ಲೇ ಕೊರೆಯೋ ಧ್ರುವದಾಗ ಅಷ್ಟು ಸಾಕಪ್ಪ, ಮೋಡ ಕಟ್ತೈತೆ."

ಬಸ್ಸಿನಲ್ಲಿ ತೊಟ್ಟಿ ಹೊಸ ಅಳಿಯನ ಹಾಗೆ ಸೀಟಿನ ಮೇಲೆ ಕೂತಿತು, ಕೊಟ್ಟೂರೇಶ ನಿಂತ. ದಾರಿಯಲ್ಲಿ ಬಾತಿ ಊರಿನಲ್ಲಿ ಹತ್ತಿದ ಮುದುಕಿಯೊಬ್ಬಳು ಮೀನೆಲ್ಲಿ ಎಂದು ವಿಚಾರಿಸಿ, ಇಲ್ಲವೆಂದು ತಿಳಿದು ತನ್ನ ಸೊಪ್ಪಿನ ಕಟ್ಟು ಅದರೊಳಗಿಟ್ಟಳು.

ಮೂರಕ್ಕೆ ನೀರು ಹರಿಯಿತು. ಕಲ್ಲಿನ ಆಚೆ ಎದ್ದ ಅಲೆ ನಿಂತಲ್ಲೇ ನಿಂತಿತು. ಮೂಲೆಯಲ್ಲಿ ಅಂಟಿದ್ದ ಮಂಡಕ್ಕಿ ಬಿಟ್ಟುಕೊಂಡು, ಅಲೆ ಹತ್ತಿ ಇಳಿದು ಸಾಗಿತು. ಕಲ್ಲೇ ಗುಡ್ಡ, ಅಲೆಯ ನೆತ್ತಿಯೇ ಮೋಡ ಕಟ್ಟುವ ಜಾಗ ಎಂದು ಅವನು ವಿವರಿಸಿದ. ಹುಡುಗರು ಫೋನು ಕೆಳಗಿಟ್ಟರು.

ಪಂಚಾಕ್ಷರಪ್ಪ ಎದ್ದು ಬಂದು ತೊಟ್ಟಿಯ ತಗಡಿನ ಅಂಚು ಸವರಿದರು.

"ಇದು ಅಲ್ಲಾಬಕ್ಷ್ ಮೇಷ್ಟ್ರದ್ದಲ್ಲೇನ್ರಿ? ಈ ತಗ್ಗು ನಾನೇ ಮಾಡಿದ್ದು. ಅವ್ರ ಸಾಲ್ಯಾಗ ಓದೋವಾಗ ಕೆಡವಿದ್ದೆ. ಅವ್ರು ಒಂದೇಟೂ ಹೊಡೀಲಿಲ್ಲ."

ಕಣ್ಣೊರೆಸಿಕೊಂಡು ಒಳಗೆ ಹೋದವರು, ಕಾಯಂ ನೌಕರಿಯ ಆದೇಶ ಬರೆಸಿ ತಂದು ಕೊಟ್ಟೂರೇಶನ ಕೈಗಿತ್ತರು. ಅವನು ಅದನ್ನು ಎರಡು ಸಲ ಓದಿದ.

ಸಂಜೆ ತೊಟ್ಟಿ ಹೊತ್ತು ಹರಿಹರಕ್ಕೆ ಹೋದಾಗ ಮೇಷ್ಟ್ರು ಬಾಗಿಲಲ್ಲೇ ಕಾಯುತ್ತಿದ್ದರು.

"ಕಾಯಂ ಆತೇನಪ್ಪ?"

"ಆತ್ರಿ ಸಾರ್," ಕೊಟ್ಟೂರೇಶ ಆದೇಶ ಚಾಚಿದ. "ಇದ್ರಾಗ ಹೆಸ್ರು ನಿಮ್ದೈತ್ರಿ. ನಾಳೆ ಒಂಬತ್ತಕ್ಕೆ ನೀವು ಬರ್ಬೇಕಂತೆ. ತೊಟ್ಟಿ ಹೊರೋಕೆ ನಾನು ಬರ್ತೀನಿ."