ಚಿಕ್ಕಪ್ಪನ ಆರುನೂರು ಓಮ್

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಕುಂಬಳಕಾಯಿ ಹಾಡು ಕೇಳಿತು ಎಂದರೆ ನೀವು ನಂಬುತ್ತೀರಾ? ನನ್ನ ದಿನಚರಿಯಲ್ಲಿ ವಾರದ ಹೆಸರು ಸಮೇತ ದಾಖಲಾಗಿದೆ!

ಶ್ರೀನಿವಾಸಪುರದ ಸುತ್ತ ಮದುವೆಗಳಿಗೆ ಮೈಕ್ ಸೆಟ್ ಹಾಕುವವರು ಚಿಕ್ಕಪ್ಪ. ಹಾರ್ನ್ ಸ್ಪೀಕರ್ ಕಟ್ಟಿ, ದೂರ ನಿಂತು, ಯಾವುದರ ದನಿ ಸೊರಗಿದೆಯೆಂದು ಕಿವಿಯಲ್ಲೇ ಹಿಡಿಯುವುದು ಅವರ ಹೆಮ್ಮೆ, ಹೊಟ್ಟೆಪಾಡು ಎರಡೂ. ಅಂಥವರು ಮೊನ್ನೆ ಮಂಗಳವಾರ ಯಾರಿಗೋ ಎರಡು ಹಾರ್ನ್ ಕೊಟ್ಟು, ಬದಲಿಗೆ ಆರುನೂರು ಓಮಿನ ಹಳೆಯ ಹೆಡ್‌ಫೋನ್ ತಂದರು. ಭಾನುವಾರದೊಳಗೆ ಅದು ಹಾಡಬೇಕು, ಇಲ್ಲವೇ ಹಾರ್ನ್ ವಾಪಸ್ ಬರಬೇಕು ಎಂದು ಚಿಕ್ಕಮ್ಮ ಗಡುವು ಕೊಟ್ಟರು.

ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ; ಅದು ಜಾಸ್ತಿಯಾದಷ್ಟೂ ಸೌಂಡ್ ಜಾಸ್ತಿ ಎಂಬುದು ಚಿಕ್ಕಪ್ಪನ ಸಿದ್ಧಾಂತ. ಫೋನಿಗೆ ಸಿಕ್ಕಿಸಿದರು. ಅಷ್ಟರಲ್ಲಿ ಒಂದು ಸೊಳ್ಳೆ ಬಂತು. ಹಾಡಿಗಿಂತ ಸೊಳ್ಳೆಯೇ ಜೋರಾಗಿತ್ತು!

ಮರುದಿನ ಮದುವೆಯ ಆಂಪ್ಲಿಫೈಯರೇ ಜಗಲಿಗೆ ಬಂತು. ಕಿವಿಗೆ ಅಪಾಯ ಬೇಡವೆಂದು ಹೆಡ್‌ಫೋನನ್ನು ಕುಂಬಳಕಾಯಿಗೆ ತೊಡಿಸಿ, ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರು. ಕುಂಬಳಕಾಯಿಯಿಂದ ಓಲಗ ಹೊರಟಿತು. ಎದುರುಮನೆಯ ತಾತ ಗೇಟಿನ ಹತ್ತಿರ ಬಂದು, "ಎವರಿ ಪೆಳ್ಳಿ ರಾ?" ಎಂದು ತೆಲುಗಿನಲ್ಲಿ ಯಾರ ಮದುವೆಯೆಂದು ವಿಚಾರಿಸಿದರು.

"ಕುಂಬಳಕಾಯಿ ಮದುವೆ. ಊಟ ಮಾತ್ರ ಇಲ್ಲ ತಾತಾ" ಎಂದರು ಚಿಕ್ಕಮ್ಮ.

ಕೊನೆಗೆ ನಾನು ತೋಟದ ಲೆಕ್ಕದಲ್ಲಿ ವಿವರಿಸಿದೆ. ಈ ಹೆಡ್‌ಫೋನ್ ಡ್ರಿಪ್ಪಿನ ಸಣ್ಣ ಪೈಪಿದ್ದಂತೆ. ಕೆರೆಯಷ್ಟು ನೀರು ಬೇಡ, ತಳ್ಳುವ ಒತ್ತಡ ಬೇಕು. ಫೋನಿಗೆ ಆ ಒತ್ತಡ ಇಲ್ಲ, ಮೈಕ್ ಸೆಟ್ಟಿನ ಒತ್ತಡಕ್ಕೆ ಪೈಪೇ ಒಡೆದುಹೋಗುತ್ತದೆ. ಕೋಲಾರದ ಗೆಳೆಯನಿಂದ ಹೆಡ್‌ಫೋನಿಗೆಂದೇ ಇರುವ ಪುಟ್ಟ ಆಂಪ್ಲಿಫೈಯರ್ ಎರವಲು ತಂದೆ.

ಭಾನುವಾರ ಬೆಳಿಗ್ಗೆ ಹಾಡು ಬಂತು. ಚಿಕ್ಕಪ್ಪನ ಮುಖ ಅರಳಿತು, ಮರುಕ್ಷಣವೇ ಹುಬ್ಬು ಗಂಟಾಯಿತು.

"ಲೇ, ಎಡಗಡೆ ಪವರ್ ಸಾಲ್ತಿಲ್ಲ ಕಣೋ."

ವೈರ್ ಬದಲಿಸಿದೆ. ಹೆಡ್‌ಫೋನನ್ನೇ ತಿರುಗಿಸಿ ಹಾಕಿದೆ. ಆಗಲೂ ಎಡಗಡೆಯೇ! ನಾನು ಹಾಕಿಕೊಂಡು ನೋಡಿದರೆ ಎರಡೂ ಕಡೆ ಒಂದೇ ಸಮ. ಹಾರ್ನುಗಳ ಪಕ್ಕದಲ್ಲೇ ಸವೆದ ಎಡಗಿವಿ ಅದು. ನಾನು ಅವರ ಎಡಗಿವಿಯತ್ತ ನೋಡಿದ್ದನ್ನು ಕಂಡು ಚಿಕ್ಕಪ್ಪ ತಲೆ ತಗ್ಗಿಸಿ ವೈರನ್ನು ಸುತ್ತತೊಡಗಿದರು.

"ಇದು ಮಿಷನ್ ತಪ್ಪಲ್ಲ, ಅಲ್ವೇನೋ?"

ಚಿಕ್ಕಮ್ಮನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಎರಡೂ ಕಡೆಯ ಹಾಡು ಬಲಗಡೆಗೇ ಬರುವ ಹಾಗೆ ಮಾಡಲಾಗದೇ ಎಂದು ನನ್ನನ್ನು ಕೇಳಿದರು. ಫೋನಿನಲ್ಲಿ ಅದಕ್ಕೊಂದು ಸೌಲಭ್ಯವಿತ್ತು; ಒತ್ತಿದೆ. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳುತ್ತಾ ಕೂತರು. ಹಾರ್ನ್ ವಾಪಸ್ ತರುವ ಮಾತನ್ನು ಚಿಕ್ಕಮ್ಮ ಎತ್ತಲೇ ಇಲ್ಲ. ಹಾಡು ಮುಗಿದ ಮೇಲೆ ಅವರ ಬಲಗಡೆಗೆ ಬಂದು ಕೂತು, ಮೆಲುದನಿಯಲ್ಲಿ ಹೇಳಿದರು:

"ಇನ್ಮೇಲೆ ಮದುವೆಗಳಿಗೆ ನಾನೂ ಬರ್ತೀನಿ. ಎಡಗಡೆ ಹಾರ್ನ್ ನಾನು ಕೇಳ್ತೀನಿ."