ಬೆಂಕಿಬಾಗಿಲ ಚಿಲಕ ಮತ್ತು ಮಾವನವರ ಸಾಕ್ಷಿ

ನನ್ನನ್ನು ಯಾರಾದರೂ ದಡ್ಡ ಎಂದರೆ ತಡೆದುಕೊಳ್ಳುತ್ತೇನೆ, ಮನೆಯಲ್ಲಿ ಹೆಂಡತಿಯಿಂದ ಕೇಳಿ ಅಭ್ಯಾಸವಾಗಿದೆ. ಆದರೆ ಆರು ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದನ್ನು ‘ಇದು ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು’ ಎಂದರೆ ಮೈ ಉರಿಯುತ್ತದೆ. ಪೇಟೆಂಟ್ ಕಚೇರಿಯಿಂದ ಬಂದ ಪತ್ರದಲ್ಲಿ ಇದ್ದದ್ದು ಅದೇ ಮಾತು.

ಬೆಳಗಾವಿಯ ಪೀರನವಾಡಿಯಲ್ಲಿ ನನ್ನದೊಂದು ಪುಟ್ಟ ವರ್ಕ್‌ಶಾಪ್. ದೊಡ್ಡ ಕಟ್ಟಡಗಳಲ್ಲಿ ಬೆಂಕಿ, ಹೊಗೆ ತಡೆಯಲು ಹಾಕುವ ಬಾಗಿಲಿಗೆ ಚಿಲಕ ಮಾಡುತ್ತೇನೆ. ಬಾಗಿಲು ಮುಚ್ಚಿದರೆ ಚಿಲಕ ತಾನೇ ಬೀಳಬೇಕು; ಆದರೆ ಒಳಗಿನವರು ತಳ್ಳಿದೊಡನೆ ತೆರೆಯಬೇಕು. ಕಾವಿಗೆ ಸ್ಪ್ರಿಂಗ್ ಸೋಲುತ್ತದೆಂದು ಅದನ್ನು ಕಿತ್ತುಹಾಕಿ, ತನ್ನ ಭಾರಕ್ಕೆ ತಾನೇ ಬೀಳುವ, ನಾಲಿಗೆಯಂಥ ಕಬ್ಬಿಣದ ಪಟ್ಟಿ ಇಟ್ಟೆ. ಭಾರವೂ ಹಳೆಯದು, ಚಿಲಕವೂ ಹಳೆಯದು, ಕೂಡಿಸಿದ್ದರಲ್ಲಿ ಹೊಸದೇನು ಎಂದಿತ್ತು ಪತ್ರ. ಹಾಲೂ ಹಳೆಯದು, ಸಕ್ಕರೆಯೂ ಹಳೆಯದು. ನಮ್ಮೂರ ಕುಂದಾ ಮಾಡಿ ತೋರಿಸಲಿ ನೋಡೋಣ!

ಸಿಟ್ಟಿನಲ್ಲಿ ಒಂದು ತಪ್ಪು ಮಾಡಿದೆ. ಜೀವನವೆಲ್ಲ ಬಾಗಿಲು ಮಾಡಿದ ದಸ್ತಗೀರ್ ಮೇಸ್ತ್ರಿಗೆ ಚಿಲಕ ತೋರಿಸಿ, ಇದು ನಿಮಗೆ ಹೊಳೆಯುತ್ತಿತ್ತೇ ಎಂದು ಕೇಳಿದೆ. “ಇದರಾಗೇನೈತ್ರೀ? ಸಾದಾ ಐತಲ್ಲ!” ಎಂದರು ಚಹಾ ಹೀರುತ್ತ. ತೋರಿಸಿದ ಮೇಲೆ ಎಲ್ಲರೂ ಬಲ್ಲವರೇ.

ಉತ್ತರ ಕೊಡಲು ಒಂದೇ ವಾರ ಉಳಿದಿತ್ತು. ತಪ್ಪಿದರೆ ಅರ್ಜಿ ಬಿದ್ದಂತೆ. ನನ್ನ ವಕೀಲರು ಫೋನಿನಲ್ಲಿ, “ಮೊದಲ ಮಾಡಿ ಕೆಟ್ಟ ಚಿಲಕ ಎಲ್ಲಾ ತರ್ರಿ. ಎಷ್ಟು ಸಲ ಸೋತೀರಿ ಅಂತ ತೋರಿಸಿದ್ರ, ಇದು ಸುಲಭಕ್ಕ ಹೊಳಿಯೂದಲ್ಲ ಅಂತ ವಾದಾ ಮಾಡಾಕ ಬರತೈತಿ” ಎಂದರು.

ತರುವುದೆಲ್ಲಿಂದ? ಕೆಟ್ಟವನ್ನೆಲ್ಲ ಪಾಲಿಶ್ ಮಾಡಿಸಿ, ನೆಂಟರ ಮನೆಗಳ ವಾಸ್ತುಶಾಂತಿಗೆ ಉಡುಗೊರೆ ಕೊಟ್ಟಿದ್ದೆ!

ಅಳುಕುತ್ತಲೇ ಖಾನಾಪುರದ ಮಾವನವರ ಮನೆಗೆ ಹೋದೆ. ನನ್ನ ನಾಲ್ಕನೆಯ ಸ್ಪ್ರಿಂಗ್ ಚಿಲಕ ಅವರ ಬಚ್ಚಲಮನೆ ಬಾಗಿಲಲ್ಲಿತ್ತು. ಅದು ಕೆಟ್ಟದ್ದೆಂದು ತಲೆ ತಗ್ಗಿಸಿ ಒಪ್ಪಿಕೊಂಡೆ. ಮಾವನವರ ಮುಖ ಅರಳಿತು.

“ಅಂದ್ರ ದೋಷ ಚಿಲಕದ್ದೇನ್ರಿ, ಅಳಿಯಾರ? ನಾ ಎರಡು ಸಲ ಒಳಗ ಸಿಕ್ಕೊಂಡೇನಿ. ನನಗ ತಗಿಯಾಕ ಬರೂದಿಲ್ಲ ಅಂತ ಸುಮ್ಮನಿದ್ನಿ!”

ತಾವೇ ಸ್ಕ್ರೂ ಬಿಚ್ಚಿ ಚಿಲಕ ನನ್ನ ಕೈಗಿಟ್ಟರು. “ಬರೇ ಚಿಲಕ ಯಾಕ? ಕಾಗದಾ ತರ್ರಿ. ನಮ್ಮ ಅಳಿಯಾಗ ಇದು ಸರಳ ಹೊಳೀಲಿಲ್ಲ ಅಂತ ಬರದು ಸಹಿ ಮಾಡ್ತೀನಿ.”

ಬರೆದರು, ಅದೂ ಎರಡು ಪುಟ, ಬಹಳ ಉತ್ಸಾಹದಿಂದ. ಗಟ್ಟಿ ಸಾಕ್ಷಿ ಸಿಕ್ಕಿತೆಂದು ವಕೀಲರು ಹಿಗ್ಗಿ ಉತ್ತರ ಕಳಿಸಿದರು. ಪೇಟೆಂಟ್ ಸಿಕ್ಕೀತೆಂದು ನನಗೂ ಈಗ ಖುಷಿಯಾಗಿದೆ. ಸಿಕ್ಕರೆ, ನನಗೆ ಯಾವುದೂ ಸುಲಭವಾಗಿ ಹೊಳೆಯುವುದಿಲ್ಲ ಎಂಬ ಮಾತಿಗೆ ಸರ್ಕಾರದ ಮುದ್ರೆಯೂ ಬಿದ್ದಂತೆ. ಅದಕ್ಕೇ ಇರಬೇಕು, ನನಗಿಂತ ಹೆಚ್ಚು ಆಸೆಯಿಂದ ನನ್ನ ಹೆಂಡತಿ ಟಪಾಲಿನ ದಾರಿ ಕಾಯುತ್ತಿದ್ದಾಳೆ.